ಹೊಳೆದಂಡೆಯ ಒಣಮರದಲ್ಲಿ ಕಾಗೆಯಷ್ಟು ದೊಡ್ಡ ಮರಕುಟಿಗ

ಹೊಳೆದಂಡೆ

ಭಾನುವಾರ ಬೆಳಿಗ್ಗೆ ನಾವು ಏಳು ಮಂದಿ ಪಶ್ಚಿಮ ಘಟ್ಟದ ಒಂದು ಹೊಳೆಯ ದಂಡೆಯಲ್ಲಿ ಹಕ್ಕಿ ನೋಡುತ್ತಾ ಹೊರಟಿದ್ದೆವು. ಹೊಳೆಯ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಮಂಜು ಇನ್ನೂ ನೀರನ್ನು ಬಿಟ್ಟು ಎದ್ದಿರಲಿಲ್ಲ. ಒಂದು ಮಿಂಚುಳ್ಳಿ, ಬಂಡೆಯ ಮೇಲೆ ರೆಕ್ಕೆ ಬಿಚ್ಚಿ ಕುಳಿತ ನೀರುಕಾಗೆಗಳು, ಅಷ್ಟೇ ಸಿಕ್ಕಿದ್ದವು.

ಆಗ ಆಚೆ ದಡದಿಂದ ಸದ್ದು ಕೇಳಿತು. ಯಾರೋ ಕೊಡಲಿಯ ಹಿಂಬದಿಯಿಂದ ಮರಕ್ಕೆ ಬಡಿಯುತ್ತಿದ್ದಾರೆ ಎಂದುಕೊಂಡೆವು. ಎರಡು ಏಟು, ಬಿಡುವು, ಮೂರು ಏಟು, ಮತ್ತೆ ಬಿಡುವು. ಇಷ್ಟು ಹೊತ್ತಿಗೇ ಮರ ಕಡಿಯಲು ಬಂದರೇ ಎಂದು ನಮ್ಮಲ್ಲೊಬ್ಬರು ಬೇಸರಪಟ್ಟುಕೊಳ್ಳುವಷ್ಟರಲ್ಲಿ "ಕ್ಯಾಂಕ್" ಎಂಬ ಒಂದೇ ಒಂದು ಚೂಪಾದ ಕೂಗು ಬಂತು. ಕೂಗಿನ ಹಿಂದೆಯೇ ಕಪ್ಪು ಹಕ್ಕಿಯೊಂದು ಹೊಳೆಯ ಮೇಲೆ ಹಾದು ನಮ್ಮ ಕಡೆಗೆ ಬಂದು, ಅರ್ಧದಲ್ಲೇ ತಿರುಗಿ, ಅದೇ ದಡದ ಇನ್ನೊಂದು ಒಣಮರಕ್ಕೆ ಹೋಗಿ ಅಂಟಿಕೊಂಡಿತು. ಹಾರುವ ರೀತಿ ನೋಡಿ ಮೊದಲು ಕಾಗೆ ಎಂದೇ ತಿಳಿದಿದ್ದೆ. ಆದರೆ ತಿರುಗುವಾಗ ಬಾಲದ ಬುಡದಲ್ಲಿ ಬೆಳ್ಳನೆಯ ಪಟ್ಟಿ ಹೊಳೆಯಿತು. ಕಾಗೆ ಹೀಗೆ ಕಾಂಡಕ್ಕೆ ನೆಟ್ಟಗೆ ಅಂಟುವುದೂ ಇಲ್ಲ.

ಹದಿನಾಲ್ಕು ನಿಮಿಷ ಅದು ಅಲ್ಲೇ ಇತ್ತು. ಎರಡು ಕಾಲುಗಳನ್ನು ಅಗಲಿಸಿ ತೊಗಟೆಯನ್ನು ಹಿಡಿದು, ಬಾಲವನ್ನು ಮೂರನೆಯ ಕಾಲಿನಂತೆ ಊರಿ, ಕುತ್ತಿಗೆಯನ್ನು ಪೂರ್ತಿ ಹಿಂದಕ್ಕೆಳೆದು ಹೊಡೆಯುತ್ತಿತ್ತು. ಹೊಡೆತಕ್ಕೊಂದು ಚೆಕ್ಕೆ ಗಾಳಿಯಲ್ಲಿ ಸುಳಿಯುತ್ತಾ ಕೆಳಗೆ ಬೀಳುವುದು ದುರ್ಬೀನಿನಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ನಡುನಡುವೆ ಹೊಡೆಯುವುದನ್ನು ನಿಲ್ಲಿಸಿ ತಲೆಯನ್ನು ಓರೆ ಮಾಡಿ ಮರವನ್ನೇ ಆಲಿಸುವಂತೆ ಇರುತ್ತಿತ್ತು. ನಾವು ಏಳೂ ಜನ ಮಾತು ಬಿಟ್ಟಿದ್ದೆವು.

ಹಕ್ಕಿ ಹೋದ ಮೇಲೆ ಕಾಲುಸೇತುವೆ ದಾಟಿ ಆ ಮರದ ಹತ್ತಿರ ಹೋದೆವು. ಬುಡದಲ್ಲಿ ಬೆರಳುದ್ದದ ಚೆಕ್ಕೆಗಳು, ಒಳಬದಿ ಇನ್ನೂ ಬಿಳಿಯಾಗಿದ್ದವು. ಅದೇ ಕಾಂಡದ ಮೇಲೆ ಎದೆಮಟ್ಟದಲ್ಲಿ ಬಣ್ಣದಿಂದ ಬರೆದ ಸಂಖ್ಯೆಯೂ ಕಂಡಿತು. ಕಡಿಯಲು ಗುರುತು ಹಾಕಿದ ಮರ ಅದು.

ಎರಡು ಪ್ರಶ್ನೆಗಳು. ಇದು ಬಿಳಿಹೊಟ್ಟೆಯ ಕರಿ ಮರಕುಟಿಗವೇ? ಹೌದಾದರೆ ಆ ಮರವನ್ನು ಉಳಿಸಿಕೊಳ್ಳಲು ಏನು ಮಾಡಬಹುದು?

ಬೈನಾಕುಲರ್

ಓದುತ್ತಲೇ ಮೈ ಜುಮ್ಮೆಂದಿತು. ಆದರೂ ಗುರುತು ಖಚಿತವಾಗಲಿ, ಆಮೇಲೆ ಸಂತೋಷಪಡೋಣ. ಕೆಂಪು ಎಲ್ಲೆಲ್ಲಿ ಇತ್ತು? ನೆತ್ತಿಯ ಮುಂಭಾಗದಿಂದಲೇ ಕೆಂಪೋ, ಹಿಂದಲೆಯಲ್ಲಿ ಮಾತ್ರವೋ? ಕೊಕ್ಕಿನ ಬುಡದಿಂದ ಕೆನ್ನೆಯ ಕೆಳಗೆ ಕೆಂಪು ಪಟ್ಟಿ ಇತ್ತೇ? ಹೊಟ್ಟೆ ಕಂಡಿತೇ, ಅಥವಾ ಬೆನ್ನನ್ನು ಮಾತ್ರ ನೋಡಿದ್ದೇ?

ಪುಸ್ತಕ ನೋಡುವ ಮೊದಲು ನಿಮ್ಮ ಟಿಪ್ಪಣಿಯಲ್ಲಿ ಏನಿದೆಯೋ ಅದನ್ನೇ ಬರೆಯಿರಿ. ಚಿತ್ರ ನೋಡಿದ ಮೇಲೆ ನೆನಪು ಚಿತ್ರದ ಕಡೆಗೇ ವಾಲುತ್ತದೆ.

ತೇಗದ ನೆರಳು

ಹೊಳೆದಂಡೆಯವರೇ, ನಿಮ್ಮ ಮಾತನ್ನು ತಳ್ಳಿಹಾಕುತ್ತಿಲ್ಲ, ಒಂದು ಎಚ್ಚರಿಕೆ ಹೇಳುತ್ತೇನೆ. ಬೆಳಗಿನ ಹೊತ್ತು, ಮಂಜು, ಆಚೆ ದಡ, ಹಕ್ಕಿಯ ಹಿಂದೆ ಬೆಳಕು. ಇಂಥ ಬೆಳಕಿನಲ್ಲಿ ಹೊಂಬೆನ್ನಿನ ದೊಡ್ಡ ಮರಕುಟಿಗವೂ ಅಪ್ಪಟ ಕಪ್ಪಾಗಿ ಕಾಣುತ್ತದೆ. ನಾನೇ ಒಮ್ಮೆ ಹೀಗೆ ಮೋಸ ಹೋಗಿ, ಹಕ್ಕಿ ಬಿಸಿಲಿಗೆ ಬಂದಾಗ ಬೆನ್ನಿನ ಹೊನ್ನು ನೋಡಿ ಪಟ್ಟಿಯಲ್ಲಿ ಹೆಸರು ಹೊಡೆದುಹಾಕಿದ್ದೇನೆ. ಅದರ ಉದ್ದ ಸುಮಾರು 33 ಸೆಂ.ಮೀ. ಕರಿ ಮರಕುಟಿಗ 48 ಸೆಂ.ಮೀ. ಹತ್ತಿರ ಹೋಗುತ್ತದೆ. ಆದರೆ ಒಂಟಿ ಹಕ್ಕಿಯ ಅಳತೆಯನ್ನು ಕಣ್ಣಂದಾಜಿನಲ್ಲಿ ಹೇಳುವುದು ಕಷ್ಟ. ಅಕ್ಕಪಕ್ಕದಲ್ಲಿ ಹೋಲಿಸಲು ಏನಾದರೂ ಇತ್ತೇ?

ಹೊಳೆದಂಡೆ

ಇಬ್ಬರಿಗೂ ಧನ್ಯವಾದಗಳು. ಟಿಪ್ಪಣಿ ಪುಸ್ತಕದಲ್ಲಿ ಅಲ್ಲೇ ನಿಂತು ಬರೆದದ್ದನ್ನು ಹಾಗೆಯೇ ಇಳಿಸುತ್ತೇನೆ.

"6:50. ಬೆನ್ನು, ರೆಕ್ಕೆ, ಎದೆ ಕಪ್ಪು, ಹೊಳಪಿದೆ. ಹೊಟ್ಟೆ ಬಿಳಿ, ಕಾಂಡದ ಓರೆಗೆ ಬಂದಾಗ ಎರಡು ಸಲ ಕಂಡಿತು. ಕೆಂಪು ಹಿಂದಲೆಯಲ್ಲಿ ಮಾತ್ರ, ಜುಟ್ಟು ಚೂಪು. ಹಣೆ ಕಪ್ಪು. ಕೆನ್ನೆಯಲ್ಲಿ ಕೆಂಪಿಲ್ಲ. ಕಣ್ಣು ತಿಳಿಹಳದಿ. ಕೊಕ್ಕು ಗಾಢ ಬೂದು, ಉಳಿಯಂತೆ. ಹಾರಿದಾಗ ಬಾಲದ ಬುಡ ಬಿಳಿ."

ಹೋಲಿಕೆಗೆ ಅದೃಷ್ಟ ಒದಗಿತ್ತು. ಇದು ಹೊಡೆಯುತ್ತಿದ್ದಾಗಲೇ ಒಂದು ಸುವರ್ಣ ಮರಕುಟಿಗ ಅದೇ ಮರದ ಮೇಲಿನ ಕೊಂಬೆಗೆ ಬಂದು ಕುಳಿತು, ಅರೆ ನಿಮಿಷ ನೋಡಿ ಹಾರಿಹೋಯಿತು. ಅದರ ಬೆನ್ನಿನ ಹೊಂಬಣ್ಣ ನಮಗೆ ಚೆನ್ನಾಗಿ ಕಂಡಿತು, ಹಾಗಾಗಿ ಬೆಳಕು ಅಷ್ಟು ಕೆಟ್ಟದಾಗಿರಲಿಲ್ಲ. ಎರಡನ್ನೂ ಒಟ್ಟಿಗೆ ನೋಡಿದಾಗ ಸುವರ್ಣ ಮರಕುಟಿಗ ಮರಿಯಂತೆ ಕಂಡಿತು.

ತೇಗದ ನೆರಳು

ಹಾಗಾದರೆ ನನ್ನ ಅನುಮಾನವನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಬಿಳಿ ಹೊಟ್ಟೆ, ಬಾಲದ ಬುಡದ ಬಿಳಿ, ಪಕ್ಕದಲ್ಲೇ ಅಳತೆಗೋಲು. ಇನ್ನೇನು ಬೇಕು! ಸುವರ್ಣ ಮರಕುಟಿಗದ ಉದ್ದ 26ರಿಂದ 29 ಸೆಂ.ಮೀ. ಮರಿಯಂತೆ ಕಂಡದ್ದು ಸಹಜ. ಅಭಿನಂದನೆಗಳು.

ಹಳೆಯ ನಡಿಗೆ

ಬಿಳಿಹೊಟ್ಟೆಯ ಕರಿ ಮರಕುಟಿಗ, ಹೆಣ್ಣು. ನನಗೆ ಇನ್ನು ಸಂದೇಹವಿಲ್ಲ. ಗಂಡಾಗಿದ್ದರೆ ಹಣೆಯಿಂದ ಹಿಂದಲೆಯವರೆಗೆ ಕೆಂಪು ಇರುತ್ತಿತ್ತು, ಕೆನ್ನೆಯಲ್ಲೂ ಕೆಂಪು ಪಟ್ಟಿ ಇರುತ್ತಿತ್ತು. ವೈಜ್ಞಾನಿಕ ಹೆಸರು ಡ್ರಯೋಕೋಪಸ್ ಜಾವೆನ್ಸಿಸ್. ಡ್ರಯೋಕೋಪಸ್ ಎಂಬ ಗ್ರೀಕ್ ಮೂಲದ ಹೆಸರಿನಲ್ಲಿ ಮರವೂ ಇದೆ, ಏಟೂ ಇದೆ. ನಮ್ಮ ಮರಕುಟಿಗ ಎಂಬ ಪದವೂ ಅದನ್ನೇ ಹೇಳುತ್ತದೆ.

ನೀವು ಕಾಗೆ ಎಂದುಕೊಂಡದ್ದು ತಪ್ಪಲ್ಲ, ಅದೇ ಒಂದು ಗುರುತು. ಬೇರೆ ಮರಕುಟಿಗಗಳು ನಾಲ್ಕಾರು ಸಲ ರೆಕ್ಕೆ ಬಡಿದು, ಮುಚ್ಚಿ, ಜೋಲಿ ಹೊಡೆಯುತ್ತಾ ಅಲೆಯಲೆಯಾಗಿ ಹಾರುತ್ತವೆ. ಇದು ಕಾಗೆಯಂತೆ ನೇರವಾಗಿ ಹೋಗುತ್ತದೆ. ದೂರದಿಂದ ನೋಡಿ "ಕಾಗೆ" ಎಂದು ಕಣ್ಣು ತೆಗೆದವರು ಎಷ್ಟು ಜನ ಈ ಹಕ್ಕಿಯನ್ನು ತಪ್ಪಿಸಿಕೊಂಡಿದ್ದಾರೋ!

ದಕ್ಷಿಣ ಭಾರತದಲ್ಲಿ ಇದಕ್ಕಿಂತ ದೊಡ್ಡ ಮರಕುಟಿಗವಿಲ್ಲ. ದೇಶದಲ್ಲಿ ಇದನ್ನು ಮೀರಿಸುವುದು ಹಿಮಾಲಯದ ತಪ್ಪಲಿನ ಬೂದು ಬಣ್ಣದ ದೈತ್ಯ ಮರಕುಟಿಗ ಒಂದೇ. ಈಗ ಬದುಕಿದೆಯೆಂದು ಖಚಿತವಾಗಿ ಹೇಳಬಹುದಾದ ಮರಕುಟಿಗಗಳಲ್ಲಿ ಜಗತ್ತಿನಲ್ಲೇ ಅದು ಅತಿ ದೊಡ್ಡದು. ಅಂಡಮಾನಿನಲ್ಲಿ ನಿಮ್ಮ ಹಕ್ಕಿಯ ಹತ್ತಿರದ ಬಂಧು ಇದೆ, ಅದರ ಹೊಟ್ಟೆಯೂ ಕಪ್ಪು. ಬಿಳಿಹೊಟ್ಟೆಯದು ಪಶ್ಚಿಮ ಘಟ್ಟದಿಂದ ಹಿಡಿದು ಬರ್ಮಾ, ಮಲಯ, ಜಾವಾ, ಫಿಲಿಪ್ಪೀನ್ಸ್, ಕೊರಿಯಾದವರೆಗೆ ಚದುರಿಕೊಂಡಿದೆ. ನಮ್ಮ ಉಪಜಾತಿಗೆ ಹಾಡ್ಜ್ಸನ್ ಎಂಬ ಪ್ರಕೃತಿ ತಜ್ಞನ ಹೆಸರಿದೆ.

ಇಷ್ಟು ವಿಸ್ತಾರದ ಹಕ್ಕಿಯಾದರೂ ಎಲ್ಲ ಕಡೆ ಸಿಗುವುದಿಲ್ಲ. ದಪ್ಪ ಮರ ಬೇಕು, ಅದರಲ್ಲೂ ಸತ್ತು ನಿಂತ ದಪ್ಪ ಮರ ಬೇಕು. ಆಹಾರವೂ ಅದರಲ್ಲೇ: ಇರುವೆ, ಜೀರುಂಡೆಯ ಹುಳು. ಗೂಡೂ ಅದರಲ್ಲೇ. ನಿಮ್ಮ ಎರಡನೆಯ ಪ್ರಶ್ನೆ ಮೊದಲನೆಯದಕ್ಕಿಂತ ದೊಡ್ಡದು.

ಹೊಸ ಓದುಗ

ನನಗೆ ಹಕ್ಕಿಗಳ ವಿಷಯ ಹೊಸದು. ಇಷ್ಟು ಜೋರಾಗಿ ಹೊಡೆದರೆ ತಲೆಗೆ ಏಟಾಗುವುದಿಲ್ಲವೇ? ತಲೆಬುರುಡೆಯಲ್ಲಿ ಸ್ಪಂಜಿನಂಥ ಮೂಳೆ ಇದ್ದು ಅದು ಏಟನ್ನು ಹೀರಿಕೊಳ್ಳುತ್ತದೆ ಎಂದು ಓದಿದ್ದೆ.

ಬೈನಾಕುಲರ್

ಬಹಳ ಕಾಲ ಹಾಗೆಯೇ ಹೇಳುತ್ತಿದ್ದರು. 2022ರಲ್ಲಿ ಬೆಲ್ಜಿಯಂನ ಆಂಟ್ವರ್ಪ್ ವಿಶ್ವವಿದ್ಯಾಲಯದ ಸ್ಯಾಮ್ ವ್ಯಾನ್ ವಾಸೆನ್‌ಬರ್ಗ್ ಮತ್ತು ಸಂಗಡಿಗರು ಮೂರು ಜಾತಿಯ ಮರಕುಟಿಗಗಳನ್ನು ಅತಿವೇಗದ ಕ್ಯಾಮೆರಾದಲ್ಲಿ ಚಿತ್ರಿಸಿ ಲೆಕ್ಕ ಹಾಕಿದರು. ನಿಮ್ಮ ಈ ಹಕ್ಕಿಯ ಯುರೋಪಿನ ದಾಯಾದಿ ಕರಿ ಮರಕುಟಿಗವೂ ಅದರಲ್ಲಿತ್ತು. ಕೊಕ್ಕು ಎಷ್ಟು ಥಟ್ಟನೆ ನಿಲ್ಲುತ್ತದೋ ತಲೆಬುರುಡೆಯೂ ಅಷ್ಟೇ ಥಟ್ಟನೆ ನಿಲ್ಲುತ್ತದೆ ಎಂದು ಕಂಡುಬಂತು. ನಡುವೆ ಹೀರಿಕೊಳ್ಳುವ ಏರ್ಪಾಡೇನೂ ಇಲ್ಲ. ಇದ್ದಿದ್ದರೆ ಹೊಡೆತದ ಬಲವೇ ವ್ಯರ್ಥವಾಗುತ್ತಿತ್ತು, ಸುತ್ತಿಗೆಗೆ ಮೆತ್ತೆ ಕಟ್ಟಿ ಮೊಳೆ ಹೊಡೆದಂತೆ. ಮೆದುಳು ಚಿಕ್ಕದಾಗಿರುವುದರಿಂದ ಆ ಏಟು ಅದಕ್ಕೆ ಅಪಾಯದ ಮಟ್ಟ ಮುಟ್ಟುವುದಿಲ್ಲ.

ನನಗೆ ಇದಕ್ಕಿಂತ ಇಷ್ಟವಾದದ್ದು ಬಾಲದ ಸಂಗತಿ. ಮರಕುಟಿಗದ ಬಾಲದ ನಡುವಿನ ಎರಡು ಗರಿಗಳೇ ಮುಖ್ಯ ಊರುಗೋಲು. ಗರಿ ಉದುರುವ ಕಾಲದಲ್ಲಿ ಉಳಿದ ಗರಿಗಳು ಉದುರಿ ಹೊಸದಾಗಿ ಬೆಳೆಯುವವರೆಗೆ ಆ ಜೋಡಿ ಕಾದಿರುತ್ತದೆ, ಕೊನೆಯಲ್ಲಿ ಉದುರುತ್ತದೆ.

ದೂರದ ಲೆನ್ಸ್

ಅದ್ಭುತ ದರ್ಶನ. ಎಂಟು ವರ್ಷದಿಂದ ಈ ಹಕ್ಕಿಯ ಒಂದು ಒಳ್ಳೆಯ ಚಿತ್ರಕ್ಕಾಗಿ ಅಲೆಯುತ್ತಿದ್ದೇನೆ. ಜಾಗ ಯಾವುದು ಎಂದು ಖಾಸಗಿಯಾಗಿ ತಿಳಿಸಬಹುದೇ? ಕೂಗಿನ ಧ್ವನಿಮುದ್ರಿಕೆ ನನ್ನ ಬಳಿ ಇದೆ, ಹೆಚ್ಚು ಹೊತ್ತು ಕಾಯಿಸುವುದಿಲ್ಲ.

ಹೊಳೆದಂಡೆ

ದಯವಿಟ್ಟು ತಪ್ಪು ತಿಳಿಯಬೇಡಿ, ಹೇಳಲಾರೆ. ಮೊದಲ ಬರಹದಲ್ಲಿ ಬಿಟ್ಟ ಒಂದು ವಿಷಯವನ್ನು ಈಗ ಬರೆಯುತ್ತೇನೆ. ಅದೇ ಕಾಂಡದಲ್ಲಿ ಮುರಿದ ಕೊಂಬೆಯ ಕೆಳಗೆ, ಸುಮಾರು ಮೂವತ್ತು ಅಡಿ ಎತ್ತರದಲ್ಲಿ, ಹೊಸದಾಗಿ ಕೊರೆದ ಮೊಟ್ಟೆಯಾಕಾರದ ಒಂದು ರಂಧ್ರವಿದೆ. ಅಂಚಿನ ಮರ ಇನ್ನೂ ಹಸಿಬಿಳಿ.

ಹಳೆಯ ನಡಿಗೆ

ಹೇಳದಿದ್ದುದೇ ಸರಿ. ಜನವರಿ ಬಂತೆಂದರೆ ಇವು ಗೂಡಿನ ಕೆಲಸದಲ್ಲಿರುತ್ತವೆ. ಇಡುವುದು ಎರಡೇ ಮೊಟ್ಟೆ. ಒಂದು ವರ್ಷದ ಎರಡು ಮೊಟ್ಟೆ ಕೆಟ್ಟರೆ ಆ ಜೋಡಿಗೆ ಅದು ಸಣ್ಣ ನಷ್ಟವಲ್ಲ.

ಧ್ವನಿಮುದ್ರಿಕೆಯ ವಿಷಯ ಹೇಳುತ್ತೇನೆ. ನಾವು ಕೂಗು ಹಾಕಿದಾಗ ಹಕ್ಕಿ ಬರುವುದು ನಮ್ಮನ್ನು ನೋಡಲು ಅಲ್ಲ. ತನ್ನ ಜಾಗಕ್ಕೆ ಎದುರಾಳಿ ನುಗ್ಗಿದ್ದಾನೆ ಎಂದು ಗಾಬರಿಯಿಂದ ಬರುತ್ತದೆ. ಗೂಡಿನಲ್ಲಿ ಮೊಟ್ಟೆಯಿದ್ದರೆ ಅದನ್ನು ಬಿಟ್ಟು ಬರುತ್ತದೆ. ನಿಮ್ಮ ಹಿಂದೆ ಇನ್ನೊಬ್ಬರು ಬಂದು ಮತ್ತೆ ಹಾಕುತ್ತಾರೆ, ಅವರ ಹಿಂದೆ ಮತ್ತೊಬ್ಬರು. ಒಬ್ಬೊಬ್ಬರ ಲೆಕ್ಕದಲ್ಲಿ ಎರಡೇ ನಿಮಿಷ, ಹಕ್ಕಿಗೆ ಇಡೀ ಬೆಳಗು.

ದೂರದ ಲೆನ್ಸ್

ಒಪ್ಪುತ್ತೇನೆ, ಕೇಳಿದ್ದಕ್ಕೆ ಕ್ಷಮಿಸಿ. ಗೂಡಿದೆ ಎಂದು ಗೊತ್ತಿದ್ದರೆ ಕೇಳುತ್ತಿರಲಿಲ್ಲ. ಕೆಲವು ವರ್ಷಗಳ ಹಿಂದೆ ಬೇರೊಂದು ಜಾತಿಯ ಮರಕುಟಿಗದ ಗೂಡಿನ ಮುಂದೆ ನಾಲ್ಕೈದು ಜನ ಕ್ಯಾಮೆರಾ ನಿಲ್ಲಿಸಿಕೊಂಡಿದ್ದೆವು. ಕೊಕ್ಕಿನಲ್ಲಿ ಹುಳು ಹಿಡಿದ ತಾಯಿ ಪಕ್ಕದ ಮರದಲ್ಲೇ ಕುಳಿತು ಮುಕ್ಕಾಲು ಗಂಟೆ ಒಳಗೆ ಹೋಗಲಿಲ್ಲ. ನಾವು ಹಿಂದೆ ಸರಿದ ಕೂಡಲೇ ಒಳಗೆ ಹೋಯಿತು. ಆ ದಿನ ತೆಗೆದ ಚಿತ್ರಗಳನ್ನು ನಾನು ಎಲ್ಲಿಯೂ ಹಾಕಿಲ್ಲ. ಧ್ವನಿಮುದ್ರಿಕೆಯನ್ನೂ ಇವತ್ತೇ ಅಳಿಸುತ್ತೇನೆ.

ನೀರಂಚು

ಸ್ವಲ್ಪ ಪಕ್ಕಕ್ಕೆ ಹೋಗುತ್ತೇನೆ, ಆದರೆ ಈ ಚರ್ಚೆ ಓದುವಾಗ ಅಮೆರಿಕದ ದಂತಕೊಕ್ಕಿನ ಮರಕುಟಿಗ ನೆನಪಾಗುತ್ತಲೇ ಇತ್ತು. ಅದೂ ಹೊಳೆಯ ಪಕ್ಕದ ದೊಡ್ಡ ಮರಗಳ ಹಕ್ಕಿ. ಲೂಸಿಯಾನಾದ ಕೊನೆಯ ದೊಡ್ಡ ಕಾಡನ್ನು ಕಡಿಯುತ್ತಿದ್ದ ಕಾಲದಲ್ಲಿ, 1944ರಲ್ಲಿ, ಎಲ್ಲರೂ ಒಪ್ಪುವ ಕೊನೆಯ ದರ್ಶನ. ಆರು ದಶಕಗಳ ನಂತರ 2004ರಲ್ಲಿ ಅರ್ಕಾನ್ಸಾದ ಜೌಗುಕಾಡಿನಲ್ಲಿ ದೋಣಿ ನಡೆಸುತ್ತಿದ್ದ ಒಬ್ಬರಿಗೆ ದೊಡ್ಡ ಮರಕುಟಿಗವೊಂದು ಕಂಡಿತು. ಮರುವರ್ಷ ಹಕ್ಕಿ ಬದುಕಿದೆ ಎಂದು ಸುದ್ದಿಯಾಯಿತು. ಕೆಲವೇ ಸೆಕೆಂಡುಗಳ ಮಸುಕು ವಿಡಿಯೊ, ಅದನ್ನೇ ಹಿಡಿದು ಅದು ಬೇರೆ ಜಾತಿಯ ಮರಕುಟಿಗ ಎಂದು ಇನ್ನು ಕೆಲವರು ವಾದಿಸಿದರು. 2021ರಲ್ಲಿ ಅಲ್ಲಿನ ಸರ್ಕಾರದ ವನ್ಯಜೀವಿ ಸಂಸ್ಥೆ ಅಳಿದಿದೆ ಎಂದು ಘೋಷಿಸಲು ಹೊರಟು, 2023ರಲ್ಲಿ ಅಳಿದ ಜೀವಿಗಳ ಅಂತಿಮ ಪಟ್ಟಿ ಪ್ರಕಟಿಸುವಾಗ ಇದನ್ನು ಸೇರಿಸದೆ ಬಿಟ್ಟಿತು.

ಮೆಕ್ಸಿಕೊದ ಚಕ್ರವರ್ತಿ ಮರಕುಟಿಗ ಇನ್ನೂ ದೊಡ್ಡದಿತ್ತು. 1956ರಲ್ಲಿ ಒಬ್ಬ ದಂತವೈದ್ಯರು ತೆಗೆದ ಸಣ್ಣ ಚಲನಚಿತ್ರವೇ ಅದರ ಕೊನೆಯ ಖಚಿತ ದಾಖಲೆ.

ಎರಡೂ ಕಡೆ ಮೊದಲು ಹೋದದ್ದು ಹಳೆಯ ದೊಡ್ಡ ಮರಗಳು. ಬೇಟೆಯೂ ಸೇರಿಕೊಂಡಿತು. ಆದ್ದರಿಂದ ಬಣ್ಣ ಬಳಿದ ಆ ಸಂಖ್ಯೆಯ ಮಾತು ಓದಿದಾಗ ಹೊಟ್ಟೆಯಲ್ಲಿ ಕಸಿವಿಸಿಯಾಯಿತು. ನಮ್ಮ ಕರಿ ಮರಕುಟಿಗಕ್ಕೆ ಆ ಗತಿ ಬಂದಿಲ್ಲ, ಜಗತ್ತಿನ ಲೆಕ್ಕದಲ್ಲಿ ತಕ್ಷಣದ ಅಪಾಯವಿಲ್ಲದ ಪಟ್ಟಿಯಲ್ಲೇ ಇದೆ. ಆದರೆ ಸಂಖ್ಯೆ ಇಳಿಯುತ್ತಿದೆ.

ಕೊಡಲಿ ಕೆಳಗಿಟ್ಟವನು

ಮೂವತ್ತು ವರ್ಷ ಮರ ಕಡಿಸುವ ಕೆಲಸ ಮಾಡಿದವನು ನಾನು. ಆ ಮರದ ವಿಷಯದಲ್ಲಿ ನನಗೆ ತಿಳಿದದ್ದನ್ನು ಬರೆಯುತ್ತೇನೆ.

ಮೊದಲು ಗುರುತು ಹಾಕಿದವರ ಕಡೆಯಿಂದ ನೋಡಿ. ಒಣಮರ, ಪಕ್ಕದಲ್ಲಿ ಜನ ಓಡಾಡುವ ದಾರಿ. ಕೊಂಬೆ ಯಾರ ತಲೆಯ ಮೇಲಾದರೂ ಬಿದ್ದರೆ ಹೊಣೆ ಅವರದು. ಹಾಗಾಗಿ "ಹಕ್ಕಿ ಇದೆ, ಕಡಿಯಬೇಡಿ" ಎಂದಷ್ಟೇ ಹೇಳಿದರೆ ಅವರಿಗೆ ಕಷ್ಟ. ಬೇರೆ ದಾರಿಯನ್ನು ನೀವೇ ಹೇಳಬೇಕು.

ಒಣಮರದಲ್ಲಿ ಬೀಳುವುದು ಹೆಚ್ಚಾಗಿ ಕೊಂಬೆಗಳು ಮತ್ತು ತುದಿ. ಬುಡ ಗಟ್ಟಿಯಿದ್ದರೆ ಕಾಂಡ ಇನ್ನೂ ಎಷ್ಟೋ ವರ್ಷ ನಿಲ್ಲುತ್ತದೆ. ದಾರಿಯ ಕಡೆಗೆ ಚಾಚಿದ ಕೊಂಬೆಗಳನ್ನು ಇಳಿಸಿ, ತುದಿಯನ್ನು ಗೂಡಿನ ರಂಧ್ರಕ್ಕಿಂತ ಸಾಕಷ್ಟು ಮೇಲೆ ತುಂಡರಿಸಿ, ಕಾಂಡವನ್ನು ಬಿಡಬಹುದು. ಅದೂ ಈಗ ಅಲ್ಲ, ಮರಿಗಳು ಹಾರಿಹೋದ ಮೇಲೆ. ಅಲ್ಲಿಯವರೆಗೆ ದಾರಿಯನ್ನೇ ಹತ್ತು ಹೆಜ್ಜೆ ಆಚೆಗೆ ಸರಿಸಿದರೆ ಸಾಕು. ಮರಕ್ಕಿಂತ ದಾರಿಯನ್ನು ಸರಿಸುವುದು ಸುಲಭ, ಒಂದು ಹಗ್ಗ, ನಾಲ್ಕು ಗೂಟ.

ಬುಡ ಗಟ್ಟಿಯಿದೆಯೇ ಎಂದು ತಿಳಿಯಲು ನಾವು ಕೊಡಲಿಯ ಹಿಂಬದಿಯಿಂದ ಸುತ್ತಲೂ ಬಡಿದು ಕೇಳುತ್ತಿದ್ದೆವು. ಗಟ್ಟಿ ಮರ ಒಂದು ರೀತಿ ನುಡಿಯುತ್ತದೆ, ಒಳಗೆ ಪೊಳ್ಳಾದ ಮರ ಇನ್ನೊಂದು ರೀತಿ. ನೀವು ಬರೆದ "ತಲೆ ಓರೆ ಮಾಡಿ ಆಲಿಸುವಂತೆ" ಎಂಬ ಸಾಲು ಓದಿ ಸುಮ್ಮನೆ ಕುಳಿತುಬಿಟ್ಟೆ. ನಾವು ಮಾಡುತ್ತಿದ್ದುದೂ ಅದೇ ಕೆಲಸ.

ಇನ್ನೊಂದು ಮಾತು. ಒಳಮರ ಶಿಲೀಂಧ್ರ ತಿಂದು ಮೆತ್ತಗಾಗಿ, ಹೊರಮೈ ಗಟ್ಟಿಯಾಗಿ ಉಳಿದಿರುವ ಮರವೇ ಗೂಡಿಗೆ ಹದ. ನಾವು ಅದನ್ನು ಕೆಟ್ಟ ಮರ ಎಂದು ಬರೆದು ಕಡಿಸುತ್ತಿದ್ದೆವು. ಎಷ್ಟು ಕಡಿಸಿದೆ ಎಂದು ಈಗ ಲೆಕ್ಕ ಹಾಕಲು ಮನಸ್ಸಾಗುವುದಿಲ್ಲ.

ಬೈನಾಕುಲರ್

ಈ ಬರಹವನ್ನು ಹಾಗೆಯೇ ಮುದ್ರಿಸಿ ಮನವಿಗೆ ಲಗತ್ತಿಸಿ ಎನ್ನುತ್ತೇನೆ. ಜೊತೆಗೆ ಇದನ್ನೂ ಸೇರಿಸಿ: ಮರಕುಟಿಗ ಬಿಟ್ಟುಹೋದ ರಂಧ್ರಕ್ಕೆ ಗಿಳಿ, ಮೈನಾ, ಗೂಬೆ, ಹಾರುವ ಅಳಿಲು ಬರುತ್ತವೆ. ಇವುಗಳಲ್ಲಿ ಯಾವುದಕ್ಕೂ ಗಟ್ಟಿ ಮರ ಕೊರೆಯುವ ಕೊಕ್ಕೋ ಹಲ್ಲೋ ಇಲ್ಲ. ಚಿಕ್ಕ ಮರಕುಟಿಗದ ತೂತು ದೊಡ್ಡ ಗೂಬೆಗೆ ಸಾಲದು, ಕರಿ ಮರಕುಟಿಗದ್ದು ಸಾಲಬಹುದು.

ಹೊಳೆದಂಡೆ

ಹನ್ನೊಂದು ದಿನಗಳ ನಂತರ ಬರೆಯುತ್ತಿದ್ದೇನೆ.

ಸಂಬಂಧಪಟ್ಟ ಕಚೇರಿಗೆ ಮೂವರು ಹೋಗಿದ್ದೆವು. ಮೊದಲ ದಿನ ಯಾರೂ ಸಿಗಲಿಲ್ಲ. ಎರಡನೆಯ ಸಲ ಸಿಕ್ಕ ಅಧಿಕಾರಿ ನಮ್ಮ ಟಿಪ್ಪಣಿಯನ್ನು ಪೂರ್ತಿ ಓದಿದರು, ಮರದ ಹತ್ತಿರ ಬಂದರು, ಬುಡವನ್ನು ಬಡಿಸಿ ನೋಡಿದರು. ಕಡಿಯುವುದನ್ನು ಮಳೆಗಾಲದ ಮುಂಚಿನವರೆಗೆ ತಡೆಹಿಡಿದಿದ್ದಾರೆ. ಆಮೇಲೆ ಕೊಂಬೆಗಳನ್ನು ಮಾತ್ರ ಇಳಿಸುವ ಮಾತಾಗಿದೆ, ಬರಹದಲ್ಲಿ ಇನ್ನೂ ಬಂದಿಲ್ಲ. ದಾರಿಗೆ ಹಗ್ಗ ಕಟ್ಟಿದೆ. ಗೂಟಗಳನ್ನು ನಾವೇ ನೆಟ್ಟೆವು.

ಹಳೆಯ ನಡಿಗೆ

ಬರಹದಲ್ಲಿ ಬರುವವರೆಗೆ ಬಿಡಬೇಡಿ. ಈ ನಡುವೆ ಒಂದು ಸಂಜೆ ಮರದ ಎದುರು ದಡದಿಂದಲೇ ಕುಳಿತು ನೋಡಿ. ಮರಕುಟಿಗಗಳಲ್ಲಿ ಗಂಡು ಹೆಣ್ಣು ಎರಡೂ ಸರದಿಯಂತೆ ಕಾವು ಕೊಡುತ್ತವೆ, ರಾತ್ರಿಯ ಪಾಳಿ ಸಾಮಾನ್ಯವಾಗಿ ಗಂಡಿನದು. ಮೊಟ್ಟೆ ಇಟ್ಟಿದ್ದರೆ ಕತ್ತಲಾಗುವ ಮೊದಲು ಒಳಗೆ ಹೋಗುವ ಹಕ್ಕಿಯ ಕೆನ್ನೆ ಕೆಂಪಾಗಿರಬೇಕು.

ಹೊಳೆದಂಡೆ

ನಿನ್ನೆ ಸಂಜೆ ನಾವಿಬ್ಬರೇ ಈಚೆ ದಡದ ಬಂಡೆಯ ಹಿಂದೆ ಐದು ಗಂಟೆಯಿಂದ ಕುಳಿತಿದ್ದೆವು. ಹಗ್ಗ ಕಟ್ಟಿದ ದಾರಿಯಲ್ಲಿ ಬಂದವರು ಸುತ್ತುಹಾಕಿ ಹೋಗುತ್ತಿದ್ದರು. 6:08ಕ್ಕೆ ಕಾಡಿನ ಒಳಗಿನಿಂದ "ಕ್ಯಾಂಕ್" ಎಂದು ಒಂದೇ ಕೂಗು. ರಂಧ್ರದಿಂದ ಕಪ್ಪು ತಲೆಯೊಂದು ಹೊರಬಂತು, ಹಣೆ ಕಪ್ಪು, ಹಿಂದಲೆ ಕೆಂಪು. ಅರೆ ಕ್ಷಣ ಅತ್ತಿತ್ತ ನೋಡಿ ಹೊಳೆಯ ಗುಂಟ ನೇರವಾಗಿ ಹಾರಿಹೋಯಿತು. ಎರಡು ನಿಮಿಷದೊಳಗೆ ಇನ್ನೊಂದು ಬಂದು ರಂಧ್ರದ ಕೆಳಗೆ ಅಂಟಿಕೊಂಡಿತು. ಹಣೆಯಿಂದಲೇ ಕೆಂಪು. ಓರೆಯಾದಾಗ ಕೆನ್ನೆ ಕಂಡಿತು, ಅಲ್ಲೂ ಕೆಂಪು. ಒಳಗೆ ಹೋಯಿತು. ಪೂರ್ತಿ ಕತ್ತಲಾಗುವವರೆಗೆ ಕಾದೆವು, ಹೊರಗೆ ಬರಲಿಲ್ಲ.